ಸುಳಿ ಕೊಯ್ದರೂ ಸಾಯದ ಹೂ

ತರೀಕೆರೆ ಕಡೆಯ ಅಡಿಕೆ ತೋಟದವರನ್ನು ಕೇಳಿ ನೋಡಿ. ಸೋಗೆ ಹರಿದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕೊಳೆ ಬಂದು ಕಾಯಿ ಉದುರಿದರೆ ಆ ವರ್ಷದ ನಷ್ಟ ಎಂದು ನಿಟ್ಟುಸಿರು ಬಿಡುತ್ತಾರೆ. ಸುಳಿ ಕೊಳೆತರೆ ಮಾತ್ರ ಮಾತು ಮುಗಿಯಿತು, ಮರವೇ ಹೋಯಿತು. ಕಡೂರು, ಬೀರೂರಿನ ತೆಂಗಿನ ತೋಟಗಳಲ್ಲೂ ಇದೇ ಕಥೆ. ಕುರುವಾಯಿ ಹುಳ ಗರಿಯನ್ನು ಕತ್ತರಿ ಹಾಕಿದ ಹಾಗೆ ಕಡಿದರೆ ಮರ ತಡೆದುಕೊಳ್ಳುತ್ತದೆ. ಕೊರೆಯುತ್ತ ಸುಳಿಯ ಎಳೆ ತಿರುಳಿಗೇ ಇಳಿದರೆ ನಲವತ್ತು ವರ್ಷ ಫಲ ಕೊಟ್ಟ ಮರ ಬೋಳಾಗಿ ನಿಲ್ಲುತ್ತದೆ. ಬುಡ ಗಟ್ಟಿಯಿದೆ, ಬೇರು ಚೆನ್ನಾಗಿದೆ, ನೀರಿದೆ, ಗೊಬ್ಬರವಿದೆ. ಆದರೂ ಪಕ್ಕದಿಂದ ಒಂದು ಚಿಗುರು ಬರುವುದಿಲ್ಲ.

ಅದೇ ತೋಟದ ಬದುವಿನ ಮೇಲೆ ಇನ್ನೊಂದು ಗಿಡವಿದೆ. ವೀಡ್ ಕಟರ್ ಹಿಡಿದು ನೆಲವನ್ನು ನುಣ್ಣಗೆ ಬೋಳಿಸಿ ಬನ್ನಿ. ಒಂದು ಮಳೆ ಬಿದ್ದು ಕೆಲವು ದಿನವಾಗುವುದರೊಳಗೆ ಕೆನೆ ಬಣ್ಣದ ಎಸಳು, ಹಳದಿ ನಡು ಇರುವ ಅದರ ಪುಟ್ಟ ಹೂಗಳು ಗೇಣುದ್ದದ ತೊಟ್ಟಿನ ಮೇಲೆ ಮತ್ತೆ ಎದ್ದು ನಿಂತಿರುತ್ತವೆ. ಕುರಿ ಮೇಯ್ದರೂ ಅಷ್ಟೆ, ಶಾಲೆಯ ಮೈದಾನದಲ್ಲಿ ಮಕ್ಕಳು ತುಳಿದರೂ ಅಷ್ಟೆ. ಅಮೃತಾಪುರದಲ್ಲಿ 1196ರ ಅಮೃತೇಶ್ವರ ಗುಡಿ ಇದೆಯಲ್ಲ, ಅಂಥ ಗುಡಿಗಳ ಸುತ್ತ ಕತ್ತರಿಸಿ ಇಟ್ಟ ಹುಲ್ಲುಹಾಸಿನಲ್ಲಿ ಯಾರೂ ಕರೆಯದೆ ಬಂದು ಕೂತ ಹೂವೂ ಇದೇ.

ಒಂದು ಸುಳಿ ಹೋಗಿದ್ದಕ್ಕೆ ಅಡಿಕೆ ಮರ ಸಾಯುತ್ತದೆ. ಸುಳಿಗಳನ್ನೆಲ್ಲ ಕೊಯ್ದರೂ ಈ ಗಿಡ ಇನ್ನಷ್ಟು ದಟ್ಟವಾಗುತ್ತದೆ. ಎರಡೂ ಹಸಿರು ಗಿಡಗಳೇ, ಬೆಳೆಯುವುದು ಒಂದೇ ಮಣ್ಣಿನಲ್ಲಿ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಮೆಕ್ಸಿಕೊದಿಂದ ಬಂದ ಗಬ್ಬು ಸೇವಂತಿ

ಗಿಡವನ್ನು ಮೊದಲು ಸರಿಯಾಗಿ ನೋಡೋಣ. ಇದನ್ನು ಕೆಲವರು ಗಬ್ಬು ಸೇವಂತಿ ಎನ್ನುತ್ತಾರೆ, ಕೆಲವರು ಗಾಯದ ಸೊಪ್ಪು ಎನ್ನುತ್ತಾರೆ, ಹೆಚ್ಚಿನವರು ಏನೂ ಎನ್ನದೆ ದಾಟಿ ಹೋಗುತ್ತಾರೆ. ನೆಲಕ್ಕೆ ಒರಗಿ ಹರಿಯುವ ಕಾಂಡ, ಮೈತುಂಬ ಒರಟು ರೋಮ, ಗಿಣ್ಣಿಗೆರಡರಂತೆ ಎದುರುಬದುರಾದ ಎಲೆಗಳು. ಎಲೆಯಂಚು ಹಲ್ಲುಹಲ್ಲಾಗಿರುತ್ತದೆ. ಕಾಂಡದ ತುದಿಯಿಂದ ಎಲೆಯೇ ಇಲ್ಲದ ತೆಳು ತೊಟ್ಟೊಂದು ನೆಟ್ಟಗೆ ಏಳುತ್ತದೆ, ಅದರ ನೆತ್ತಿಯಲ್ಲಿ ಒಂದೇ ಹೂ. ಸುತ್ತ ಸಾಮಾನ್ಯವಾಗಿ ಐದು ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಕಚ್ಚು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್.

ಹುಟ್ಟೂರು ಮೆಕ್ಸಿಕೊ ಮತ್ತು ಅದರ ಕೆಳಗಿನ ಅಮೆರಿಕದ ಬಿಸಿನಾಡುಗಳು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಇದಕ್ಕೆ ಹೆಸರಿಟ್ಟದ್ದು ಮೆಕ್ಸಿಕೊದ ವೆರಾಕ್ರೂಸ್ ಕಡೆಯ ಮಾದರಿಯನ್ನು ಆಧರಿಸಿ. 1880ರ ದಶಕದ ಆರಂಭದಲ್ಲಿ ಜೋಸೆಫ್ ಹೂಕರ್ ಭಾರತದ ಗಿಡಗಳನ್ನು ಪಟ್ಟಿ ಮಾಡಿದ ದೊಡ್ಡ ಸಂಪುಟದಲ್ಲಿ ಇದಕ್ಕೆ ಆಗಲೇ ಜಾಗವಿತ್ತು. ಅಂದರೆ ನಮ್ಮ ಬದುಗಳಲ್ಲಿ ಇದು ನಾಲ್ಕೈದು ತಲೆಮಾರಿನ ಹಳೆಯ ಒಕ್ಕಲು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ಒಳಗೆ ಬಿಡಬಾರದ ಅಪಾಯಕಾರಿ ಕಳೆಗಳ ಸರಕಾರಿ ಪಟ್ಟಿಗೆ ಸೇರಿಸಿದ್ದಾರೆ. ಇಲ್ಲಿ ಅಷ್ಟು ಗೌರವ ಸಿಕ್ಕಿಲ್ಲ.

ಲಿನೇಯಸ್ ಅದೇ 1753ರ ಗ್ರಂಥದಲ್ಲಿ ಹೆಸರಿಸಿದ ಇನ್ನೊಂದು ಹೂ ಡೇಸಿ, ಬೆಲ್ಲಿಸ್ ಪೆರೆನ್ನಿಸ್. ನಮ್ಮ ಮಕ್ಕಳು ಇಂಗ್ಲಿಷ್ ಪದ್ಯಗಳಲ್ಲಿ ಓದಿ, ಚಿತ್ರದಲ್ಲಿ ಮಾತ್ರ ನೋಡುವ ಹೂ ಇದು. ಕಡೂರಿನ ಬಿಸಿಲಿಗೆ ಅದು ಬಾಳುವುದಿಲ್ಲ; 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಂಥ ತಂಪಿನಲ್ಲಿ ಬೇಕಾದರೆ ಚಳಿಗಾಲದ ಹೂವಾಗಿ ಮಡಿಯಲ್ಲಿ ಬೆಳೆಸಬಹುದು. ಯುರೋಪಿನಲ್ಲಿ ಅದು ಹುಲ್ಲುಹಾಸಿನ ಕಾಡು ಹೂ. ಅಲ್ಲಿಂದ ಹೊರಟ ಜನ ಉತ್ತರ ಅಮೆರಿಕದಲ್ಲಿ, ನ್ಯೂಜಿಲೆಂಡಿನಲ್ಲಿ ಎಲ್ಲೆಲ್ಲಿ ಹುಲ್ಲು ಹಾಸಿ ಕತ್ತರಿಸತೊಡಗಿದರೋ ಅಲ್ಲೆಲ್ಲ ಡೇಸಿಯೂ ಹೋಗಿ ನೆಲೆ ನಿಂತಿತು. ಗಬ್ಬು ಸೇವಂತಿಯನ್ನು ನಮ್ಮ ಬಿಸಿನಾಡಿನ ಡೇಸಿ ಎಂದು ಕರೆಯುವುದರಲ್ಲಿ ತಪ್ಪಿಲ್ಲ. ಎರಡೂ ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳು, ಕುಸುಬೆಗಳ ಬಳಗದವೇ. ಅಷ್ಟೇಕೆ, ಕಾಂಗ್ರೆಸ್ ಗಿಡವೆಂದು ನಾವು ಬೈಯುವ ಪಾರ್ಥೇನಿಯಂ ಕೂಡ ಅದೇ ಬಳಗದ್ದು. ಡೇಸಿಗೂ ಗಬ್ಬು ಸೇವಂತಿಗೂ ಎಲೆ ನೆಲದಲ್ಲಿ, ಹೂ ಮಾತ್ರ ಬರಿ ತೊಟ್ಟಿನ ಮೇಲೆ. ಯುರೋಪಿನ ನಾಟಿ ವೈದ್ಯರು ಡೇಸಿಯನ್ನು ಗಾಯಕ್ಕೆ, ಪೆಟ್ಟಿಗೆ ಹಚ್ಚುತ್ತಿದ್ದರು. ನಮ್ಮಲ್ಲಿ ಕುಡುಗೋಲು ತಾಗಿದರೆ ಗಬ್ಬು ಸೇವಂತಿಯ ರಸ ಹಿಂಡುತ್ತಾರೆ. ಇಲಿಗಳ ಮೇಲೆ ನಡೆದ ಪ್ರಯೋಗಗಳು ಈ ರಸಕ್ಕೆ ಒಂದಿಷ್ಟು ಗುಣವಿದೆ ಎಂದಿವೆ. ಆದರೂ ಕಬ್ಬಿಣ ಆಳಕ್ಕೆ ಹೋಗಿದ್ದರೆ ಸೊಪ್ಪು ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ನಾವು ಒಂದು ಹೂ ಎನ್ನುವುದು ಒಂದು ಹೂವಲ್ಲ. ಒಂದನ್ನು ಕಿತ್ತು ಉಗುರಿನಿಂದ ಸೀಳಿದರೆ ನಡುವಿನ ಹಳದಿ ಗುಂಡಿ ಹತ್ತಾರು ಸಣ್ಣ ಕೊಳವೆಗಳಾಗಿ ಬಿಡಿಬಿಡಿಯಾಗುತ್ತದೆ. ಒಂದೊಂದು ಕೊಳವೆಯೂ ಗಂಡು, ಹೆಣ್ಣು ಎರಡೂ ಭಾಗವಿರುವ ಪೂರ್ತಿ ಹೂ. ಸುತ್ತಲಿನ ಎಸಳುಗಳೂ ಒಂದೊಂದು ಹೂವೇ, ಆದರೆ ಬರೀ ಹೆಣ್ಣು. ಈ ಜಾತ್ರೆಯನ್ನು ಹೂಮಂಡೆ ಎಂದು ಕರೆಯೋಣ. ಇಲ್ಲಿ ಗಮನಿಸಬೇಕಾದದ್ದು ಹೂಮಂಡೆ ಹುಟ್ಟುವ ಜಾಗ. ಗಬ್ಬು ಸೇವಂತಿಯಲ್ಲಿ ಅದು ಕಾಂಡದ ತುದಿಯಲ್ಲೇ ಹುಟ್ಟುತ್ತದೆ, ಅಂದರೆ ಕಾಂಡದ ಸುಳಿಯೇ ಹೂಮಂಡೆಯಾಗಿ ಮುಗಿದುಹೋಗುತ್ತದೆ. ಯಾರೂ ಕೊಯ್ಯದಿದ್ದರೂ ಈ ಗಿಡ ತನ್ನ ಸುಳಿಯನ್ನು ತಾನೇ ಕಳೆದುಕೊಳ್ಳುತ್ತದೆ. ಪ್ರತಿ ಹೂವಿಗೂ ಒಂದು ಸುಳಿ ಖರ್ಚು.

ಸುಳಿ ಒಂದು, ಕಣ್ಣು ಹಲವು

ಪ್ರಾಣಿಗಳು ಮೈಯೆಲ್ಲ ಬೆಳೆಯುತ್ತವೆ. ಕರುವಿನ ಕಾಲು, ಬೆನ್ನು, ಬಾಲ ಎಲ್ಲವೂ ಒಟ್ಟಿಗೇ ಉದ್ದವಾಗುತ್ತವೆ. ಗಿಡ ಹಾಗಲ್ಲ. ಹೊಸ ಎಲೆ, ಹೊಸ ಕಾಂಡ ಹುಟ್ಟುವುದು ಕೆಲವೇ ಬಿಂದುಗಳಲ್ಲಿ. ಎಂದೂ ಬಲಿಯದ, ಸದಾ ಇಬ್ಭಾಗವಾಗುತ್ತಲೇ ಇರುವ ಜೀವಕೋಶಗಳ ಒಂದು ಚಿಟಿಕೆ ಮುದ್ದೆ ಅಲ್ಲಿರುತ್ತದೆ. ಕಾಂಡದ ತುದಿಯಲ್ಲಿದ್ದರೆ ಅದನ್ನು ಸುಳಿ ಎನ್ನುತ್ತೇವೆ. ಪ್ರತಿ ಎಲೆ ಕಾಂಡಕ್ಕೆ ಅಂಟುವ ಸಂದಿನಲ್ಲೂ ಸುಳಿ ತನ್ನದೊಂದು ತುಣುಕನ್ನು ಬಿಟ್ಟು ಮುಂದೆ ಹೋಗುತ್ತದೆ. ಕಬ್ಬು ನೆಡುವವರು ಅದನ್ನು ಕಣ್ಣು ಎನ್ನುತ್ತಾರೆ, ಆಲೂಗೆಡ್ಡೆ ಬಿತ್ತುವವರದೂ ಅದೇ ಮಾತು. ಪುಸ್ತಕಗಳಲ್ಲಿ ಬರುವ ಕಕ್ಷಮೊಗ್ಗು ಎಂಬ ಪದಕ್ಕಿಂತ ಕಣ್ಣು ವಾಸಿ, ಅದನ್ನೇ ಇಟ್ಟುಕೊಳ್ಳುತ್ತೇನೆ.

ಕಣ್ಣು ಸುಳಿಯ ಮೀಸಲು. ಅದರೊಳಗೆ ಇನ್ನೊಂದು ಪೂರ್ತಿ ಕಾಂಡ ಬೆಳೆಸುವ ಸಾಮರ್ಥ್ಯ ಮಲಗಿರುತ್ತದೆ. ಸುಳಿ ಹೋದರೆ ಕಣ್ಣು ಎಚ್ಚರಾಗಿ ಹೊಸ ಸುಳಿಯಾಗಬೇಕು. ಹಾಗಿದ್ದರೆ ಅಡಿಕೆಗೆ ಎಷ್ಟೊಂದು ಎಲೆ, ಎಷ್ಟೊಂದು ಸಂದು! ಕಣ್ಣುಗಳೆಲ್ಲ ಎಲ್ಲಿ ಹೋದವು?

ಉತ್ತರ ಪ್ರತಿ ವರ್ಷ ತೋಟದವರ ಕಣ್ಣೆದುರಿಗೇ ತೂಗುತ್ತಿರುತ್ತದೆ. ಅಡಿಕೆಯಲ್ಲಾಗಲಿ ತೆಂಗಿನಲ್ಲಾಗಲಿ ಸೋಗೆಯ ಸಂದಿನ ಕಣ್ಣು ಕೊಂಬೆಯಾಗುವುದಿಲ್ಲ, ಹೊಂಬಾಳೆಯಾಗುತ್ತದೆ. ಮರ ಫಸಲಿಗೆ ಬಂದ ಮೇಲೆ ಹೆಚ್ಚುಕಡಿಮೆ ಪ್ರತಿ ಸಂದಿನ ಕಣ್ಣೂ ಹೂವಿಗೆ, ಕಾಯಿಗೆ ಖರ್ಚಾಗುತ್ತದೆ. ಸೋಗೆ ಉದುರಿ, ಗೊನೆ ಇಳಿದ ಮೇಲೆ ಕಾಂಡದ ಮೇಲೆ ಉಳಿಯುವುದು ಉಂಗುರದಂಥ ಗುರುತು ಮಾತ್ರ. ಅಷ್ಟೆತ್ತರದ ಮರದಲ್ಲಿ ಬೆಳೆಯಬಲ್ಲ ಸುಳಿ ನೆತ್ತಿಯ ಮೇಲಿನದು ಒಂದೇ, ಅದಕ್ಕೆ ಬದಲಿಯಿಲ್ಲ. ನಾವು ಗೊನೆ ಎಣಿಸಿ ಹಿಗ್ಗುವುದು ಮರ ಕಳೆದುಕೊಂಡ ಕೊಂಬೆಗಳ ಲೆಕ್ಕವನ್ನೇ.

ಗಬ್ಬು ಸೇವಂತಿಯ ಲೆಕ್ಕ ತಿರುವುಮುರುವು. ಸುಳಿ ಹೂವಿಗೆ ಖರ್ಚಾಗುತ್ತದೆ, ಕಣ್ಣು ಕೊಂಬೆಗೆ ಉಳಿಯುತ್ತದೆ. ಗಿಣ್ಣಿಗೆರಡು ಎಲೆ ಇರುವುದರಿಂದ ಗಿಣ್ಣಿಗೆರಡು ಕಣ್ಣು. ಒಂದು ಹೂ ಅರಳಿತೆಂದರೆ ಕೆಳಗಿನ ಕಣ್ಣುಗಳಿಂದ ಕೊಂಬೆ ಹೊರಡುತ್ತದೆ, ಅವುಗಳ ತುದಿಯಲ್ಲಿ ಮತ್ತೆ ಹೂ, ಅದರ ಕೆಳಗೆ ಮತ್ತೆ ಕಣ್ಣು. ನೆಲಕ್ಕೆ ತಾಗಿದ ಗಿಣ್ಣು ಬೇರನ್ನೂ ಇಳಿಸಬಲ್ಲದು. ಹಸಿ ನೆಲದಲ್ಲಿ ಕುಂಟೆ ಹೊಡೆದು ಕಾಂಡವನ್ನು ತುಂಡು ಮಾಡಿದರೆ ಎಷ್ಟೋ ತುಂಡುಗಳು ಮತ್ತೆ ಹತ್ತಿಕೊಳ್ಳುವುದು ಇದರಿಂದಲೇ.

ಕತ್ತಿ ಮುಟ್ಟದ ಎತ್ತರ

ಕಣ್ಣಿದ್ದರೆ ಸಾಲದು, ಅದು ಉಳಿಯುವ ಜಾಗದಲ್ಲಿರಬೇಕು. ಡೆನ್ಮಾರ್ಕಿನ ಕ್ರಿಸ್ಟನ್ ರೌನ್‌ಕೇರ್ ಎಂಬ ಸಸ್ಯಶಾಸ್ತ್ರಜ್ಞ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಭೂಮಿಯ ಗಿಡಗಳನ್ನೆಲ್ಲ ವಿಂಗಡಿಸಲು ಒಂದು ವಿಚಿತ್ರ ಅಳತೆ ಹಿಡಿದ. ಹೂ ನೋಡಲಿಲ್ಲ, ಬಳಗ ನೋಡಲಿಲ್ಲ. ಕೆಟ್ಟ ಕಾಲ ಬಂದಾಗ ಈ ಗಿಡ ತನ್ನ ಸುಳಿಯನ್ನೂ ಕಣ್ಣನ್ನೂ ನೆಲದಿಂದ ಎಷ್ಟು ಎತ್ತರದಲ್ಲಿ ಇಟ್ಟುಕೊಂಡು ಕಾಲ ಕಳೆಯುತ್ತದೆ ಎಂದಷ್ಟೇ ಕೇಳಿದ. ಮರಗಳದು ಗಾಳಿಯಲ್ಲಿ. ಈರುಳ್ಳಿಯಂಥ ಗಡ್ಡೆಗಳದು ಮಣ್ಣಿನೊಳಗೆ. ರಾಗಿಯಂಥ ಒಂದು ಬೆಳೆಯ ಗಿಡಗಳದು ಬೀಜದೊಳಗೆ. ಇವುಗಳ ನಡುವೆ, ಸರಿಯಾಗಿ ನೆಲಮಟ್ಟದಲ್ಲಿ, ಕಣ್ಣನ್ನು ಇಟ್ಟುಕೊಳ್ಳುವ ಗಿಡಗಳ ಒಂದು ದೊಡ್ಡ ಗುಂಪಿದೆ. ಡೇಸಿ ಆ ಗುಂಪಿನದು. ಗಬ್ಬು ಸೇವಂತಿ ಕೂಡ ಅಲ್ಲೇ, ಸ್ವಲ್ಪ ಮೇಲೆ ಕೆಳಗೆ.

ರೌನ್‌ಕೇರ್ ಯೋಚಿಸಿದ್ದು ಚಳಿ ಮತ್ತು ಒಣಗಾಲದ ಬಗ್ಗೆ. ಆದರೆ ಅವನ ಅಳತೆ ಹಸುವಿನ ಬಾಯಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಚಾಚೂ ತಪ್ಪದೆ ಹೊಂದುತ್ತದೆ. ಕತ್ತಿಯ ಅಲಗು ನೆಲದಿಂದ ಎರಡು ಬೆರಳು ಮೇಲೆ ಓಡಿದರೆ, ಎರಡು ಬೆರಳಿನ ಕೆಳಗೆ ಕಣ್ಣಿರುವ ಗಿಡ ಬದುಕಿತು. ಹಸುವಿಗೆ ಮೇಲುದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಅದು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಸೆಳೆದು ಕೀಳುತ್ತದೆ, ನೆಲಕ್ಕೆ ಅಂಟಿಕೊಂಡದ್ದು ಬಿಟ್ಟುಹೋಗುತ್ತದೆ. ಕುರಿ ಇನ್ನಷ್ಟು ಕೆಳಗೆ ಬಾಯಿ ಹಾಕುತ್ತದೆ. ಆದರೂ ಗಿಣ್ಣು ಉಳಿಯುತ್ತದೆ.

ಹುಲ್ಲಿನ ಉಪಾಯ ಬೇರೆ. ಗರಿಕೆಯ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ತುದಿ ಕತ್ತರಿಸಿದರೂ ಕೆಳಗಿನಿಂದ ಎಲೆ ನೂಕಿಕೊಂಡು ಬರುತ್ತಲೇ ಇರುತ್ತದೆ. ಹುಲ್ಲುಹಾಸನ್ನು ವಾರವಾರ ಕತ್ತರಿಸಿದರೂ ಅದು ಹಾಸಾಗಿಯೇ ಉಳಿಯುವುದು ಈ ಕಾರಣಕ್ಕೆ. ಹುಲ್ಲುಹಾಸು ಎಂಬುದು ನಿಜವಾಗಿ ನೋಡಿದರೆ ಸಸ್ಯಗಳ ಜರಡಿ. ಎತ್ತರದಲ್ಲಿ ಸುಳಿ ಇಟ್ಟವರನ್ನೆಲ್ಲ ಸೋಸಿ ತೆಗೆದು, ನೆಲಮಟ್ಟದವರನ್ನು ಉಳಿಸುತ್ತದೆ.

ಚಿವುಟಿದರೆ ಕವಲೊಡೆಯುವುದು ಏಕೆ

ಇಷ್ಟು ಗಿಡ ಉಳಿಯುವ ಕಥೆಯಾಯಿತು. ಇನ್ನಷ್ಟು ದಟ್ಟವಾಗುತ್ತದೆ ಎಂದೆನಲ್ಲ, ಅದು ಇನ್ನೂ ಬಾಕಿಯಿದೆ. ಕಣ್ಣುಗಳು ಮೊದಲಿನಿಂದಲೂ ಇದ್ದವು. ಕೊಯ್ಯುವ ಮೊದಲು ಅವು ಸುಮ್ಮನಿದ್ದದ್ದೇಕೆ, ಕೊಯ್ದೊಡನೆ ಎದ್ದದ್ದೇಕೆ?

ರೈತರಿಗೆ ಇದರ ಅರ್ಧ ಉತ್ತರ ಗೊತ್ತು. ಸೇವಂತಿಗೆ ನಾಟಿಯಾಗಿ ತಿಂಗಳಾಗುವ ಹೊತ್ತಿಗೆ ಕುಡಿ ಚಿವುಟುತ್ತಾರೆ. ಚಿವುಟದಿದ್ದರೆ ಗಿಡ ಕೋಲಾಗಿ ನೆಟ್ಟಗೆ ಹೋಗಿ ಹೂ ಕಡಿಮೆ ಬಿಡುತ್ತದೆ. ಕಲಬುರಗಿ ಕಡೆ ತೊಗರಿಯ ಕುಡಿ ಚಿವುಟುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಗಿಡದ ತಲೆ ಕತ್ತರಿಸಿ ಎತ್ತರ ನಿಲ್ಲಿಸುತ್ತಾರೆ. ಕತ್ತರಿಸಿದ ಮೇಲೆ ಕಾಂಡದುದ್ದಕ್ಕೂ ನುಗ್ಗಿ ಬರುವ ಬೇಡದ ಚಿಗುರು ತೆಗೆಯುವುದೇ ಒಂದು ದೊಡ್ಡ ಕೆಲಸ. ಸುಳಿ ಇರುವವರೆಗೆ ಅದು ಕಣ್ಣುಗಳನ್ನು ಏಳಗೊಡುವುದಿಲ್ಲ. ಇದನ್ನು ಸುಳಿಹಿಡಿತ ಎಂದು ಕರೆಯೋಣ.

ಸುಳಿ ಹಿಡಿತ ಸಾಧಿಸುವುದು ಹೇಗೆ ಎಂಬುದಕ್ಕೆ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು 1933–34ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. ಕೆನೆತ್ ಥೀಮನ್ ಮತ್ತು ಫೋಕೆ ಸ್ಕೂಗ್ ಬ್ರಾಡ್ ಬೀನ್ ಗಿಡದ ಸುಳಿ ಕತ್ತರಿಸಿದರು. ನಿರೀಕ್ಷೆಯಂತೆ ಕಣ್ಣುಗಳು ಒಡೆದವು. ಇನ್ನು ಕೆಲವು ಗಿಡಗಳಲ್ಲಿ ಸುಳಿ ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಎಂಬ ರಾಸಾಯನಿಕ ಬೆರೆಸಿದ ಅಗರ್ ಎಂಬ ಲೋಳೆಯ ಮುದ್ದೆ ಇಟ್ಟರು. ಸುಳಿ ಇಲ್ಲದಿದ್ದರೂ ಕಣ್ಣುಗಳು ಮಲಗಿಯೇ ಇದ್ದವು! ಸುಳಿ ತಯಾರಿಸಿ ಕೆಳಕ್ಕೆ ಕಳಿಸುವ ಈ ಬೆಳೆರಸವೇ ಕಣ್ಣುಗಳನ್ನು ಸುಮ್ಮನಿರಿಸುತ್ತದೆ ಎಂಬ ತೀರ್ಮಾನ ದಶಕಗಳ ಕಾಲ ಪಠ್ಯಪುಸ್ತಕದಲ್ಲಿ ಕೂತಿತು. ನಾನೂ ನೀವೂ ಓದಿದ್ದು ಅದನ್ನೇ.

ಆದರೆ ಅದರಲ್ಲಿ ಎರಡು ತೊಡಕಿದ್ದವು. ಸುಳಿಯಿಂದ ಇಳಿಯುವ ಆಕ್ಸಿನ್ ಕಾಂಡದಲ್ಲೇ ಕೆಳಗೆ ಹೋಗುತ್ತದೆಯೇ ಹೊರತು ಕಣ್ಣಿನೊಳಕ್ಕೆ ಹೋಗುವುದಿಲ್ಲ. ಒಳಗೇ ಹೋಗದ್ದು ತಡೆಯುವುದು ಹೇಗೆ? ಅಂದರೆ ನಡುವೆ ಇನ್ನಾರೋ ಇರಬೇಕು. 2008ರಲ್ಲಿ ಫ್ರಾನ್ಸಿನ ಮತ್ತು ಜಪಾನಿನ ಎರಡು ತಂಡಗಳು ಒಂದೇ ಹೊತ್ತಿಗೆ ಅಂಥವನೊಬ್ಬನನ್ನು ಹಿಡಿದವು. ಹೆಸರು ಸ್ಟ್ರೈಗೊಲ್ಯಾಕ್ಟೋನ್. ಹೆಚ್ಚಾಗಿ ಬೇರಿನಲ್ಲಿ ತಯಾರಾಗಿ ಮೇಲಕ್ಕೆ ಏರಿ ಕವಲೊಡೆಯುವುದನ್ನು ತಡೆಯುವ ವಸ್ತು ಅದು. ಇದನ್ನು ತಯಾರಿಸಲಾಗದ ಗಿಡಗಳು ಸುಳಿ ಇದ್ದರೂ ಪೊದೆಯಾಗಿ ಬೆಳೆಯುತ್ತವೆ.

ಎರಡನೆಯ ತೊಡಕು ವೇಗದ್ದು. ಆಕ್ಸಿನ್ ಕಾಂಡದಲ್ಲಿ ಇಳಿಯುವುದು ಗಂಟೆಗೆ ಸುಮಾರು 1 ಸೆಂಟಿಮೀಟರ್. ಸುಳಿಯಿಂದ ಒಂದಡಿ ಕೆಳಗಿನ ಕಣ್ಣಿಗೆ ಮೇಲಿನಿಂದ ಆಕ್ಸಿನ್ ನಿಂತಿತು ಎಂಬ ಸುದ್ದಿ ಮುಟ್ಟಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಬಟಾಣಿ ಗಿಡದಲ್ಲಿ ಅಳೆದಾಗ ಕಣ್ಣುಗಳು ಅದಕ್ಕೂ ಎಷ್ಟೋ ಮೊದಲೇ ಮಿಸುಕಾಡತೊಡಗಿದ್ದವು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಅಷ್ಟು ವೇಗವಾಗಿ ಓಡಬಲ್ಲ ಇನ್ನೊಂದು ವಸ್ತುವಿನ ಮೇಲೆ ಬೆರಳಿಟ್ಟಿತು. ಅದು ಸಕ್ಕರೆ.

ಎಲೆ ಬಿಸಿಲಿನಲ್ಲಿ ತಯಾರಿಸುವ ಸಕ್ಕರೆ ಗಿಡದ ತುಂಬ ಹರಿಯುತ್ತದೆ. ಅದನ್ನು ಎಲ್ಲರಿಗಿಂತ ಜೋರಾಗಿ ಎಳೆದುಕೊಳ್ಳುವುದು ಭರದಿಂದ ಬೆಳೆಯುತ್ತಿರುವ ಸುಳಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆಯಲ್ಲಿ ನೀರು ಬಿಟ್ಟಾಗ ನಡೆಯುವುದನ್ನು ನೆನೆಸಿಕೊಳ್ಳಿ. ನಾಲೆಯ ಮೇಲ್ಭಾಗದವರು ದೊಡ್ಡ ಮೋಟಾರು ಹಚ್ಚಿ ಎಳೆಯತೊಡಗಿದರೆ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. ಕೊನೆಯವನ ಗದ್ದೆಯನ್ನು ಯಾರೂ ಬಂದ್ ಮಾಡಿಲ್ಲ, ಅವನ ತೂಬು ತೆರೆದೇ ಇದೆ, ನೀರಷ್ಟೇ ಇಲ್ಲ. ಮೇಲಿನ ಮೋಟಾರು ಕೆಟ್ಟು ನಿಂತರೆ ಅದೇ ದಿನ ಕೆಳಗೆ ನೀರು ಬರುತ್ತದೆ. ಸುಳಿ ಕತ್ತರಿಸುವುದೆಂದರೆ ಮೋಟಾರು ನಿಲ್ಲಿಸಿದಂತೆ. ಸುಳಿಗೆ ಹೋಗುತ್ತಿದ್ದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಕಣ್ಣುಗಳ ಕಡೆ ತಿರುಗುತ್ತದೆ, ಅವು ಎಚ್ಚರಾಗುತ್ತವೆ. ಕ್ವೀನ್ಸ್‌ಲ್ಯಾಂಡಿನವರು ಸುಳಿಯನ್ನು ಮುಟ್ಟದೆ ಗಿಡಕ್ಕೆ ಹೊರಗಿನಿಂದ ಸಕ್ಕರೆ ಕೊಟ್ಟರು. ಆಗಲೂ ಕಣ್ಣು ಒಡೆಯಿತು.

ಹಾಗೆಂದು ಆಕ್ಸಿನ್ನನ್ನು ಮನೆಗೆ ಕಳಿಸಬೇಕಾಗಿಲ್ಲ. ಎದ್ದ ಕಣ್ಣು ಮತ್ತೆ ಮಲಗುತ್ತದೋ, ಕೊಂಬೆಯಾಗಿ ಮುಂದುವರಿಯುತ್ತದೋ ಎಂಬ ಎರಡನೆಯ ಹಂತದಲ್ಲಿ ಆಕ್ಸಿನ್, ಸ್ಟ್ರೈಗೊಲ್ಯಾಕ್ಟೋನ್‌ಗಳ ಮಾತು ನಡೆಯುತ್ತದೆ. ಮೊದಲ ಎಚ್ಚರ ಸಕ್ಕರೆಯದು, ಆಮೇಲಿನ ಪಂಚಾಯಿತಿ ಬೆಳೆರಸಗಳದು.

ಈಗ ವೀಡ್ ಕಟರ್ ಓಡಿದ ಬದುವಿಗೆ ಬನ್ನಿ. ಅಲಗು ಒಂದೇ ಏಟಿಗೆ ಗಿಡದ ಎದ್ದು ನಿಂತ ತುದಿಗಳನ್ನೆಲ್ಲ, ಅಂದರೆ ಸಕ್ಕರೆ ಎಳೆಯುತ್ತಿದ್ದ ಸುಳಿ, ಹೂ, ಬಲಿಯುತ್ತಿದ್ದ ಬೀಜಗಳನ್ನೆಲ್ಲ ತೆಗೆದುಹಾಕಿತು. ನೆಲಕ್ಕಂಟಿದ ಎಲೆಗಳು ಹಾಗೇ ಉಳಿದು ಸಕ್ಕರೆ ತಯಾರಿಸುತ್ತಲೇ ಇವೆ. ಗಿಣ್ಣುಗಿಣ್ಣಿನಲ್ಲೂ ಎರಡೆರಡು ಕಣ್ಣು ಕಾಯುತ್ತಿವೆ. ಒಂದು ಹೂವಿದ್ದ ಕಡೆ ನಾಲ್ಕು ಕವಲು ಹೊರಡದೆ ಇನ್ನೇನಾದೀತು? ಕೊಯ್ದು ಹೋದ ತೊಟ್ಟಿನಲ್ಲಿ ಎಲೆಯೇ ಇರಲಿಲ್ಲ. ಗಿಡಕ್ಕೆ ಅದು ಅಗ್ಗದ ಸಾಮಾನು.

ಕಾವಲಿನ ಬೆಳಕು

ಗಬ್ಬು ಸೇವಂತಿಯನ್ನು ಕತ್ತಿಗೆ ಅಂಜದ ಗಿಡ ಎಂದು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಅದಕ್ಕೆ ಕತ್ತಿ ಬೇಕು. ಏಕೆ ಎಂಬುದು ದನ ಮೇಯುವ ಬಯಲಿನಲ್ಲಿ ಕಾಣುತ್ತದೆ.

ಅಜ್ಜಂಪುರ ಎಂದರೆ ಅಮೃತಮಹಲ್ ದನ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ರಾಸುಗಳ ತಳಿ ಸಂವರ್ಧನಾ ಕೇಂದ್ರ ಅಲ್ಲಿದೆ. ಅವುಗಳಿಗಾಗಿ ಮೈಸೂರು ಸೀಮೆಯಲ್ಲಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಅವನ್ನು ವಿಂಗಡಿಸಿ, ದನಗಳನ್ನು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಹುಲ್ಲಿಗೆ ಮೇಯುವ ಬಾಯಿಯೂ ಬೇಕು, ಬಿಡುವೂ ಬೇಕು ಎಂಬುದನ್ನು ಆ ವ್ಯವಸ್ಥೆ ನಡೆಸಿದವರು ಚೆನ್ನಾಗಿ ಬಲ್ಲವರಾಗಿದ್ದರು. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಈ ಜಾಗದಲ್ಲಿ ಕೃಷ್ಣಮೃಗಗಳೂ ಮೇಯುತ್ತವೆ.

ಇಂಥ ಬಯಲಿನಲ್ಲಿ ಗಿಡಗಳ ನಡುವಿನ ನಿಜವಾದ ಜಗಳ ಬೆಳಕಿನದು. ಮೇಯುವವರು ಯಾರೂ ಇಲ್ಲವೆಂದರೆ ಒಂದೆರಡು ಮಳೆಗಾಲದಲ್ಲಿ ಎತ್ತರದ ಹುಲ್ಲುಗಳು ಮೇಲೆದ್ದು ನೆಲವನ್ನು ಮುಚ್ಚುತ್ತವೆ. ನೆಲಕ್ಕೆ ಒರಗಿದ ಗಿಡದ ಎಲೆಗೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಸಕ್ಕರೆಯಿಲ್ಲ, ಸಕ್ಕರೆಯಿಲ್ಲದಿದ್ದರೆ ಕಣ್ಣು ಎಷ್ಟಿದ್ದರೇನು? ಇದು ಬರೀ ಊಹೆಯಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದ ಯಾನ್ ಓತಿಯೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಲ್ಲುಗಾವಲಿನ ಗಿಡಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಗೊಬ್ಬರ ಹಾಕಿದರು. ಎತ್ತರದವು ಹುಲುಸಾಗಿ ಬೆಳೆದವು, ಕೆಳಗಿನ ಗಿಡ್ಡ ಜಾತಿಗಳು ಒಂದೊಂದಾಗಿ ಮಾಯವಾದವು. ಇನ್ನು ಕೆಲವು ತೊಟ್ಟಿಗಳಿಗೆ ಅಷ್ಟೇ ಗೊಬ್ಬರ ಹಾಕಿ, ಹುಲ್ಲಿನ ಮರೆಯ ಕೆಳಗೆ ಟ್ಯೂಬ್‌ಲೈಟ್ ಉರಿಸಿದರು. ಗಿಡ್ಡ ಜಾತಿಗಳು ಉಳಿದವು. ಗೊಬ್ಬರ ಅವನ್ನು ಕೊಂದಿರಲಿಲ್ಲ, ನೆರಳು ಕೊಂದಿತ್ತು.

ಹಸು, ಕುರಿ, ಹುಲ್ಲು ಕತ್ತರಿಸುವ ಯಂತ್ರ ಮೂರೂ ಮಾಡುವುದು ಆ ಟ್ಯೂಬ್‌ಲೈಟಿನ ಕೆಲಸವನ್ನೇ. ಹುಲ್ಲುಹಾಸಿನಲ್ಲಿ ಗಬ್ಬು ಸೇವಂತಿ ಬೇಡ ಎನ್ನುವವರು ಕಳೆನಾಶಕದ ಡಬ್ಬಿ ತೆರೆಯುವ ಮೊದಲು ಯಂತ್ರದ ಅಲಗನ್ನು ಎರಡು ಮೂರು ಬೆರಳು ಮೇಲೇರಿಸಿ ನೋಡಲಿ. ಹುಲ್ಲು ಸ್ವಲ್ಪ ಎತ್ತರ ನಿಂತರೆ ನೆಲಕ್ಕೆ ನೆರಳು ಬೀಳುತ್ತದೆ, ಇದಕ್ಕೆ ಹಿಡಿಸುವುದಿಲ್ಲ. ನುಣ್ಣಗೆ ಬೋಳಿಸುವವರ ಅಂಗಳದಲ್ಲೇ ಈ ಹೂ ಹೆಚ್ಚು. ನನ್ನನ್ನು ಕೇಳಿದರೆ ಇದ್ದುಕೊಳ್ಳಲಿ ಬಿಡಿ. ಒಣ ತಿಂಗಳಲ್ಲೂ ಹೂಬಿಡುವ ಗಿಡ ಅದು, ಸಣ್ಣ ನೀಲಿ ಚಿಟ್ಟೆಗಳು ಮಕರಂದಕ್ಕೆ ಇದರ ಸುತ್ತಲೇ ಇರುತ್ತವೆ.

ಎರಡು ಕುಂಡದ ಪರೀಕ್ಷೆ

ಇನ್ನೊಂದು ಪ್ರಶ್ನೆ ಉಳಿಯಿತು. ವರ್ಷಗಟ್ಟಲೆ ಗಿಡ್ಡವಾಗಿ ಕತ್ತರಿಸಿದ ಜಾಗದ ಗಿಡಗಳು ಗಿಡ್ಡವಾಗಿರುತ್ತವೆ, ಅದು ಕಣ್ಣಿಗೇ ಕಾಣುತ್ತದೆ. ಕತ್ತರಿಸಿದ್ದರಿಂದ ಗಿಡ್ಡವೋ, ಹುಟ್ಟಿನಿಂದಲೇ ಗಿಡ್ಡವೋ?

ಇಂಗ್ಲೆಂಡಿನಲ್ಲಿ ಸುಜಾನ್ ವಾರ್ವಿಕ್ ಮತ್ತು ಡೇವಿಡ್ ಬ್ರಿಗ್ಸ್ 1970ರ ದಶಕದ ಕೊನೆಯಲ್ಲಿ ಇದನ್ನೇ ಹಿಡಿದು ಕೂತರು. ಹುಲ್ಲುಹಾಸುಗಳಿಂದಲೂ ಎತ್ತರದ ಹುಲ್ಲಿನ ಬಯಲುಗಳಿಂದಲೂ ಡೇಸಿ ಮತ್ತು ಇನ್ನೂ ಕೆಲವು ಕಳೆಗಳನ್ನು ಕಿತ್ತು ತಂದು, ಯಾವ ಕತ್ತಿಯೂ ಮುಟ್ಟದ ಒಂದೇ ತೋಟದಲ್ಲಿ ಅಕ್ಕಪಕ್ಕ ಬೆಳೆಸಿದರು. ಕೆಲವು ಗಿಡಗಳು ಸ್ವಾತಂತ್ರ್ಯ ಸಿಕ್ಕೊಡನೆ ಎತ್ತರವಾದವು; ಅವುಗಳ ಗಿಡ್ಡತನ ಬರೀ ಕತ್ತಿಯ ಭಯ. ಇನ್ನು ಕೆಲವು ಎಷ್ಟು ಕಾದರೂ ನೆಲ ಬಿಟ್ಟು ಏಳಲಿಲ್ಲ. ಎತ್ತರದ ಗುಣವಿದ್ದ ಗಿಡಗಳು ಬೀಜ ಕಟ್ಟುವ ಮೊದಲೇ ಕತ್ತಿಗೆ ಸಿಕ್ಕು, ಹುಟ್ಟುಗಿಡ್ಡಗಳ ಸಂತಾನವೇ ಅಲ್ಲಿ ಉಳಿದುಕೊಂಡಿತ್ತು. ಅದೇ ಜೋಡಿ ಮೊದಲು ಒಂದು ಜಾತಿಯ ಹುಲ್ಲನ್ನು ಪರೀಕ್ಷಿಸಿದಾಗಲೂ ಚೆಂಡಾಟದ ಹುಲ್ಲುಹಾಸಿನಲ್ಲಿ ನೆಲ ಹಿಡಿದ ಗಿಡಗಳೂ, ಪಕ್ಕದಲ್ಲೇ ಇದ್ದ ಹೂವಿನ ಮಡಿಯಲ್ಲಿ ನೆಟ್ಟಗೆ ಬೆಳೆದ ಗಿಡಗಳೂ ಸಿಕ್ಕಿದ್ದವು. ಎರಡಕ್ಕೂ ನಡುವೆ ಇದ್ದ ಅಂತರ ಕೆಲವೇ ಹೆಜ್ಜೆ.

ಇದನ್ನು ಗಬ್ಬು ಸೇವಂತಿಯ ಮೇಲೆ ಮಾಡಿ ನೋಡಲು ಪ್ರಯೋಗಶಾಲೆ ಬೇಡ, ಹೈಸ್ಕೂಲಿನ ಹಿಂದಿನ ಜಾಗ ಸಾಕು. ಪದೇ ಪದೇ ಕತ್ತರಿಸುವ ಅಥವಾ ತುಳಿಯುವ ಮೈದಾನದಿಂದ ಕೆಲವು ಗಿಡ, ಯಾರೂ ಮುಟ್ಟದ ಬೇಲಿಸಾಲಿನಿಂದ ಕೆಲವು ಗಿಡ ತನ್ನಿ. ಸ್ಮಾರಕದ ಅಂಗಳಕ್ಕೆ ಕೈ ಹಾಕಬೇಡಿ, ಕಾವಲುಗಾರರು ಸುಮ್ಮನಿರುವುದಿಲ್ಲ. ಎರಡನ್ನೂ ಒಂದೇ ಮಣ್ಣು ತುಂಬಿದ ಕುಂಡಗಳಲ್ಲಿ, ಒಂದೇ ಬಿಸಿಲಿನಲ್ಲಿ, ಒಂದೇ ಅಳತೆಯ ನೀರಿನಲ್ಲಿ ಒಂದು ಮಳೆಗಾಲ ಬೆಳೆಸಿ. ಮೊದಲ ಹೂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಹಳೆಯ ಜಾಗದ ನೆನಪಿನಲ್ಲಿರುತ್ತವೆ. ಇನ್ನೂ ಖಚಿತ ಬೇಕೆಂದರೆ ಆ ಗಿಡಗಳ ಬೀಜ ಹಿಡಿದು ಮುಂದಿನ ಸಲ ಬಿತ್ತಿ. ಕುಂಡದಲ್ಲಿ ಹುಟ್ಟಿ ಬೆಳೆದ ಮರಿಗಳ ತೊಟ್ಟಿನುದ್ದವನ್ನು ಸ್ಕೇಲಿಟ್ಟು ಅಳೆದು ಬರೆದಿಡಿ. ಎರಡು ಗುಂಪುಗಳ ತೊಟ್ಟೂ ಸರಿಸಮ ಬಂದರೆ ಮೈದಾನದವು ಕತ್ತಿಗೆ ತಗ್ಗಿ ನಡೆಯುತ್ತಿದ್ದವು ಎಂದರ್ಥ. ಮೈದಾನದ ಮಕ್ಕಳು ಕುಂಡದಲ್ಲೂ ಗಿಡ್ಡವಾಗಿಯೇ ಉಳಿದರೆ, ಶಾಲೆಯ ಮೈದಾನದಲ್ಲಿ ಗಬ್ಬು ಸೇವಂತಿಯ ಬೇರೆಯದೇ ಒಂದು ಸಂತತಿ ತಯಾರಾಗುತ್ತಿದೆ.